ಪಾದದಾಗ 26 ಎಲುಬು: ಮೈಯನ್ನ ಓದಿದವರು ಯಾರು, ಮೈಯನ್ನ ಕೊಯ್ದವರು ಯಾರು?

ಪೋಸ್ಟ್ ಉದ್ದ ಐತಿ. ಪುರಸೊತ್ತು ಮಾಡಿಕೊಂಡು ಪೂರ್ತಿ ಓದ್ರಿ.

ಬೆಳೆದ ಮನುಷ್ಯನ ಮೈಯಲ್ಲಿ 206 ಎಲುಬು ಇರ್ತಾವು. ಮಣಿಕಟ್ಟಿನಿಂದ ಬೆರಳ ತುದಿವರೆಗೆ ಒಂದು ಕೈಯಾಗ 27, ಎರಡೂ ಸೇರಿ 54. ಒಂದು ಪಾದದಾಗ 26, ಎರಡೂ ಸೇರಿ 52. ಕೂಡಿಸಿದ್ರ 106. ಅಂದ್ರ ಮೈಯಾಗಿನ ಅರ್ಧಕ್ಕಿಂತ ಹೆಚ್ಚು ಎಲುಬು ದುಡಿಯೋ ಕೈಯಾಗ, ನಡೆಯೋ ಪಾದದಾಗ ಅದಾವು. ಬಾಯಿ ತೆರೆದು ಮುಚ್ಚಾಕ ಅಲ್ಲಾಡೋ ಎಲುಬು ಎಷ್ಟು? ಒಂದ ಒಂದು, ಕೆಳದವಡೆ.

ಈ ಲೆಕ್ಕ ಯಾಕ ಬೇಕಾತು ಅಂದ್ರ, ಒಂದು ಮಾತನ್ನ ಕೇಳಿ ಕೇಳಿ ಕಿವಿ ತೂತು ಬಿದ್ದಾವು. ಆಫೀಸಿನಾಗ ಊಟದ ಹೊತ್ತಿಗೆ, ಚಹಾದಂಗಡಿ ಮುಂದ, ವಾಟ್ಸ್ಯಾಪ್ ಗ್ರೂಪಿನಾಗ ಓದಿದ ಮಂದಿನ ಹೇಳ್ತಾರ: "ಸಮಾಜ ಅಂದ್ರ ಒಂದು ದೇಹ ಇದ್ದಂಗ. ತಲಿನೂ ಬೇಕು, ಕಾಲೂ ಬೇಕು. ವರ್ಣ ಅಂದ್ರ ಬರೇ ಕೆಲಸದ ಹಂಚಿಕೆ. ಇದರಾಗ ಮೇಲು ಕೀಳು ಎಲ್ಲೈತಿ?"

ಸರಿ. ದೇಹದ ಮಾತು ತೆಗೆದವರು ನೀವು. ದೇಹವನ್ನೇ ಕೇಳೋಣ.

*

ಈ ಮಾತಿನ ಬೇರು ಋಗ್ವೇದದ 10ನೇ ಮಂಡಲದ 90ನೇ ಸೂಕ್ತದಲ್ಲಿದೆ. ಪುರುಷಸೂಕ್ತ. ಆ ಮಹಾಪುರುಷನ ಬಾಯಿ ಬ್ರಾಹ್ಮಣ, ತೋಳು ಕ್ಷತ್ರಿಯ, ತೊಡೆ ವೈಶ್ಯ, ಪಾದದಿಂದ ಹುಟ್ಟಿದವ ಶೂದ್ರ. ಇದಕ್ಕೆ ಬಿಸಿ ಮುಟ್ಟಿಸಿದವರು ಜೋತಿಬಾ ಫುಲೆ. 1873ರ 'ಗುಲಾಮಗಿರಿ'ಯಲ್ಲಿ ಅವರು ಕೇಳಿದ್ದು ನೇರ ಶರೀರಶಾಸ್ತ್ರದ ಪ್ರಶ್ನೆ: ಬಾಯಿಂದ ಮಗು ಹುಟ್ಟಬೇಕಾದರೆ ಬಾಯೊಳಗೆ ಗರ್ಭಕೋಶ ಇರಬೇಕಲ್ಲ, ತಿಂಗಳ ಮುಟ್ಟು ಆಗಬೇಕಲ್ಲ? ನಗೆಚಾಟಿಕೆ ಅಂತ ಕೆಲವರು ತಳ್ಳಿಹಾಕಿದರು. ಆದರೆ ಈ ಪ್ರಶ್ನೆ ಶರೀರ ರಚನಾಶಾಸ್ತ್ರದ ಮೊದಲನೇ ಪಾಠ. ಒಂದು ಅಂಗ ಯಾವ ಕೆಲಸ ಮಾಡುತ್ತದೋ ಅದಕ್ಕೆ ತಕ್ಕ ಕಟ್ಟೋಣ ಅದಕ್ಕೆ ಇರಲೇಬೇಕು. ಕಟ್ಟೋಣ ಇಲ್ಲದೆ ಕೆಲಸ ಇಲ್ಲ.

ಬಾಬಾಸಾಹೇಬರು 1946ರ 'ಶೂದ್ರರು ಯಾರು' ಪುಸ್ತಕದಲ್ಲಿ ಇದೇ ಸೂಕ್ತವನ್ನ ಹಿಡಿದು ಸಾಲು ಸಾಲಾಗಿ ಬಿಚ್ಚಿ ನೋಡಿದರು. ಅದಕ್ಕೂ ಹತ್ತು ವರ್ಷ ಮೊದಲು, 1936ರ 'ಜಾತಿ ವಿನಾಶ'ದಲ್ಲಿ ಕೆಲಸದ ಹಂಚಿಕೆ ಅನ್ನೋ ವಾದದ ಬುಡವನ್ನೇ ಕಡಿದಿದ್ದರು. ಜಾತಿ ಕೆಲಸವನ್ನಷ್ಟೇ ಹಂಚಿಲ್ಲ, ಕೆಲಸ ಮಾಡೋ ಮನುಷ್ಯರನ್ನೇ ಬೇರೆ ಬೇರೆ ಮಾಡಿ ಮೆಟ್ಟಿಲು ಮೆಟ್ಟಿಲಾಗಿ ಕೂಡ್ರಿಸಿದೆ ಅನ್ನೋದು ಅವರ ವಾದ.

ಇನ್ನೊಂದು ಗಮನಿಸ್ರಿ. ಆ ಮಹಾಪುರುಷನ ಮೈಯಾಗ ನಾವು ಎಲ್ಲೂ ಇಲ್ಲ. ಬಾಯಿ ಬ್ಯಾಡ, ತೋಳು ಬ್ಯಾಡ, ಪಾದದ ಉಗುರಿನಾಗೂ ನಮಗ ಜಾಗ ಕೊಟ್ಟಿಲ್ಲ. ಪಾದದ ಲೆಕ್ಕ ಶೂದ್ರರದು. ನಮ್ಮನ್ನ ಮೈಯಿಂದ ಹೊರಗ, ಊರಿಂದ ಹೊರಗ ಇಟ್ರು. ಹಂಗಾಗಿ "ಎಲ್ಲಾ ಅಂಗಾನೂ ಬೇಕಲ್ಲ" ಅನ್ನೋರು ಮೊದಲು ಹೇಳಬೇಕು: ನಾವು ಯಾವ ಅಂಗ?

*

ಈಗ ಪಾದದ ಮಾತು.

ಕೀಳು ಅಂತ ಹೆಸರು ಪಡೆದ ಈ ಪಾದದಷ್ಟು ಜಾಣ ಕಟ್ಟೋಣ ಮೈಯಾಗ ಕಡಿಮಿ. ಅಂಗಾಲು ಸಪಾಟಾಗಿಲ್ಲ, ಕಮಾನಿನ ಹಂಗ ಬಾಗೈತಿ. ವಿಜಾಪುರದ ಗೋಲಗುಂಬಜದ ಅಷ್ಟು ದೊಡ್ಡ ಗುಮ್ಮಟದ ಭಾರ ಕಮಾನುಗಳ ಮ್ಯಾಲ ಇಳಿದಂಗ ನಮ್ಮ ಮೈಭಾರ ಪಾದದ ಕಮಾನಿನ ಮ್ಯಾಲ ಇಳೀತೈತಿ. ಆದರ ಕಲ್ಲಿನ ಕಮಾನು ಬಗ್ಗಂಗಿಲ್ಲ, ಇದು ಬಗ್ಗತೈತಿ. ಹೆಜ್ಜೆ ಊರಿದಾಗ ಸ್ವಲ್ಪ ಚಪ್ಪಟೆಯಾಗಿ ಪೆಟ್ಟನ್ನ ನುಂಗುತ್ತದೆ, ಎತ್ತುವಾಗ ಸ್ಪ್ರಿಂಗಿನಂತೆ ಮರಳಿ ದೂಡುತ್ತದೆ. 26 ಎಲುಬನ್ನ ತಂತುಗಳು ಬಿಗಿದು ಹಿಡಿದಿರೋದರಿಂದ ಇದು ಸಾಧ್ಯ. ಒಂದೇ ದಪ್ಪ ಎಲುಬು ಇದ್ದಿದ್ದರೆ ನಾವು ಕಟ್ಟಿಗೆಕಾಲಿನ ಮೇಲೆ ನಡೆದಂಗ ನಡೀಬೇಕಾಗಿತ್ತು. ಹುಟ್ಟಿದ ಕೂಸಿನ ಅಂಗಾಲು ಸಪಾಟು ಕಾಣ್ತೈತಿ. ಕೂಸು ಎದ್ದು, ನಡೆದು, ಬೆಳೆದಂಗ ಕಮಾನು ಎದ್ದು ಬರ್ತೈತಿ.

ಮೊಣಕಾಲಿನ ಕೆಳಗ ಹಿಂದಿರೋ ಮೀನಖಂಡದ್ದು ಇನ್ನೊಂದು ಕಥಿ. ಹೃದಯ ರಕ್ತವನ್ನ ಪಾದದವರೆಗೆ ದೂಡುತ್ತದೆ. ಅದು ಮೇಲೆ ಮರಳೋದು ಹೆಂಗ? ನಡೆಯುವಾಗ ಮೀನಖಂಡ ಬಿಗಿದು ರಕ್ತನಾಳವನ್ನ ಹಿಂಡುತ್ತದೆ. ಆ ನಾಳಗಳೊಳಗೆ ಒಂದೇ ಕಡೆ ತೆರೆಯೋ ಸಣ್ಣ ಕವಾಟಗಳಿವೆ. ಹಾಗಾಗಿ ಹಿಂಡಿದ ರಕ್ತ ಮೇಲೆ ಹೋಗಬೇಕೇ ಹೊರತು ಕೆಳಗೆ ಬರೋ ಹಾಗಿಲ್ಲ. ಈ ಕವಾಟಗಳನ್ನ ಮೊದಲು ಕಂಡವರು ಇದ್ದರು. ಇವು ಯಾಕೆ ಹಿಂಗ ಒಂದೇ ಕಡೆ ತೆರೀತಾವು ಅಂತ ಯೋಚಿಸಿದವನು ಇಂಗ್ಲೆಂಡಿನ ವಿಲಿಯಂ ಹಾರ್ವೆ. ಆ ಕವಾಟಗಳೂ ಅವನಿಗೆ ದಾರಿ ತೋರಿಸಿದವು. 1628ರಲ್ಲಿ ಅವನು ರಕ್ತ ಮೈತುಂಬ ಸುತ್ತುತ್ತದೆ ಅಂತ ಸಾಧಿಸಿ ತೋರಿಸಿದ.

ಸುಮ್ಮನೆ ಕೂತ ಮನುಷ್ಯನ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ದೂಡುತ್ತದೆ. ಮೈಯಲ್ಲಿರೋ ಒಟ್ಟು ರಕ್ತವೂ ಸುಮಾರು ಅಷ್ಟೇ. ಪಾದಕ್ಕೆ ಹೋಗಿ ಬಂದ ರಕ್ತನ ಆಮೇಲೆ ಮಿದುಳಿಗೆ ಹೋಗ್ತೈತಿ. ಮಿದುಳು ಮಡಿ ಮಾಡಂಗಿಲ್ಲ, "ಪಾದ ಮುಟ್ಟಿದ ರಕ್ತ ನನಗ ಬ್ಯಾಡ" ಅನ್ನಂಗಿಲ್ಲ. ಯಾವ ಅಂಗಕ್ಕೆ ರಕ್ತ ನಿಲ್ತೈತೋ ಅದು ಕೊಳೀತೈತಿ, ಕೊಳೆತ ವಿಷ ಇಡೀ ಮೈಗೆ ಏರತೈತಿ. ಅಸ್ಪೃಶ್ಯತೆ ಅಂದ್ರ ಇದ. ಸಮಾಜ ದೇಹ ಇದ್ದಂಗ ಅನ್ನೋರು ಇದನ್ನ ಪೂರ್ತಿ ಒಪ್ಪಿಕೊಳ್ಳಲಿ, ಅರ್ಧ ಅಲ್ಲ.

*

ಹೆಬ್ಬೆರಳಿಂದೂ ಹೇಳಬೇಕು. ಉಳಿದ ಬೆರಳಿಗೆ ಮೂರು ಮೂರು ಎಲುಬು, ಹೆಬ್ಬೆರಳಿಗೆ ಎರಡೇ. ಆದರೆ ಅದರ ಬುಡದ ಕೀಲು ಕುದುರೆಯ ಜೀನಿನ ಆಕಾರದ್ದು. ಅದಕ್ಕೇ ಅದು ತಿರುಗಿ ನಾಲ್ಕೂ ಬೆರಳಿಗೆ ಎದುರು ನಿಲ್ಲಬಲ್ಲದು. ಪೆನ್ನು, ಸಲಿಕೆ, ಕುಡಗೋಲು, ಬಿಲ್ಲು, ಎಲ್ಲದರ ಹಿಡಿತ ಇರೋದು ಅಲ್ಲೇ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಅನುಸೂಚಿ ನೋಡ್ರಿ. ತೋರುಬೆರಳು ಪೂರ್ತಿ ಹೋದರೆ ಗಳಿಕೆಯ ಶಕ್ತಿ 14 ಪರ್ಸೆಂಟ್ ಹೋತು ಅಂತ ಲೆಕ್ಕ. ಹೆಬ್ಬೆರಳು ಹೋದರೆ 30. ನನ್ನಂಥ ಗುಮಾಸ್ತರಿಗೆ ಇದು ಬರೇ ಕೋಷ್ಟಕ. ಏಕಲವ್ಯನ ಕಥೆ ಬರೆದವನಿಗೆ ಈ ಕೋಷ್ಟಕ ಇರಲಿಲ್ಲ, ಆದರೂ ಗೊತ್ತಿತ್ತು. ಹತ್ತು ಬೆರಳಿನಾಗ ದ್ರೋಣ ಯಾವುದನ್ನ ಕೇಳಿದ ನೋಡ್ರಿ. ವಿದ್ಯೆ ಕಲಿಸದ ಗುರುವಿಗೆ ಅಂಗರಚನೆ ಮಾತ್ರ ಚಲೋ ಗೊತ್ತಿತ್ತು.

*

ಈಗ ಇತಿಹಾಸಕ್ಕೆ ಬರೋಣ. ನಮ್ಮ ದೇಶದಲ್ಲಿ ಮೈಯೊಳಗೆ ಏನೈತಿ ಅಂತ ನೋಡಿದವರು ಇರಲಿಲ್ಲವಾ? ಇದ್ದರು. ಸುಶ್ರುತ ಸಂಹಿತೆಯಲ್ಲಿ ವಿಧಾನವನ್ನೇ ಬರೆದಿದ್ದಾರೆ. ವಿಷದಿಂದ ಸಾಯದ, ಬಹಳ ದಿನ ರೋಗದಿಂದ ನರಳದವನ ಶವವನ್ನ ಹುಲ್ಲಿನಲ್ಲಿ ಸುತ್ತಿ, ಪಂಜರದೊಳಗಿಟ್ಟು, ಮೆಲ್ಲಗೆ ಹರಿಯೋ ನೀರಿನಲ್ಲಿ ಏಳು ರಾತ್ರಿ ಬಿಡಬೇಕು. ಮೆತ್ತಗಾದ ಮೇಲೆ ಲಾಮಂಚದ ಬೇರು, ಬಿದಿರಿನಂಥವುಗಳ ಕುಂಚದಿಂದ ಮೆಲ್ಲಗೆ ಉಜ್ಜುತ್ತ, ಚರ್ಮದಿಂದ ಹಿಡಿದು ಒಳಗಿನ ಒಂದೊಂದು ಭಾಗವನ್ನೂ ಕಣ್ಣಾರೆ ನೋಡಬೇಕು. ಶಸ್ತ್ರವೈದ್ಯ ಆಗೋನು ಬರೇ ಪುಸ್ತಕ ಓದಿದರೆ ಸಾಲದು ಅನ್ನೋದು ಅದರ ತಿರುಳು. ಶ್ರೇಷ್ಠ ವಿಚಾರ. ಒಪ್ಪೋಣ. ಕುಲಗುಣ ಇದ್ದ ಶೂದ್ರನಿಗೂ ಮಂತ್ರ ಬಿಟ್ಟು ಕಲಿಸಬಹುದು ಅಂತ ಕೆಲವರ ಮತ ಅಂತಲೂ ಅದೇ ಗ್ರಂಥ ಹೇಳುತ್ತದೆ.

ಹಂಗಾದ್ರ ಆ ವಿದ್ಯೆ ಯಾಕ ಬತ್ತಿ ಹೋತು?

ಮನುಸ್ಮೃತಿಯ 5ನೇ ಅಧ್ಯಾಯದ 85ನೇ ಶ್ಲೋಕದಲ್ಲಿ ಮುಟ್ಟಿದರೆ ಸ್ನಾನ ಮಾಡಬೇಕಾದವರ ಪಟ್ಟಿ ಇದೆ. ಚಂಡಾಲ, ಮುಟ್ಟಾದ ಹೆಣ್ಣು, ಪತಿತ, ಬಾಣಂತಿ, ಶವ. ಐದೂ ಒಂದೇ ಪಟ್ಟಿಯಲ್ಲಿ. ಜೀವ ಕೊಡೋ ತಾಯಿ, ಜೀವ ಹೋದ ಮೈ, ಜೀವಂತ ನಾವು, ಮೂವರೂ ಒಂದೇ ಮೈಲಿಗೆ. ಶವ ಮುಟ್ಟಿದರೆ ಮೈಲಿಗೆ ಅಂದಮೇಲೆ ಶವ ಕೊಯ್ದು ಕಲಿಯೋರು ಯಾರು?

ಇದು ನನ್ನ ಒಬ್ಬನ ಮಾತಲ್ಲ. ಬಂಗಾಳದ ದೊಡ್ಡ ರಸಾಯನ ವಿಜ್ಞಾನಿ ಆಚಾರ್ಯ ಪ್ರಫುಲ್ಲಚಂದ್ರ ರಾಯ್ ತಮ್ಮ 'ಹಿಂದೂ ರಸಾಯನಶಾಸ್ತ್ರದ ಇತಿಹಾಸ'ದಲ್ಲಿ ಇದನ್ನೇ ಬರೆದರು. ಸುಶ್ರುತ ಶವ ಕೊಯ್ಯದೆ ವಿದ್ಯೆ ಇಲ್ಲ ಅಂದ, ಮನು ಶವ ಮುಟ್ಟಿದರೆ ಮೈಲಿಗೆ ಅಂದ, ಮನುವಿನ ಮಾತು ಗೆದ್ದಿತು. ಶಸ್ತ್ರ ಹಿಡಿಯೋ ಕೈ ಕೀಳಾಯಿತು. ಕೈಕೆಲಸ ಒಂದು ಕಡೆ, ತಲೆಕೆಲಸ ಒಂದು ಕಡೆ ಆಗಿ ದೇಶದ ವಿಜ್ಞಾನವೇ ಒಣಗಿತು. ಇದು ಅವರ ವಾದ.

*

ಪಂಡಿತರು ಮುಟ್ಟದೆ ಬಿಟ್ಟ ಮೈಯನ್ನ ಮುಟ್ಟಿದವರು ಯಾರು? ನಾವು.

ಸತ್ತ ದನದ ಚರ್ಮ ಸುಲಿದವರು ಮಾದರು, ಹದ ಮಾಡಿದವರು ಡೋರರು, ಕೆರವು ಹೊಲಿದವರು ಸಮಗಾರರು. ಚರ್ಮಕ್ಕೆ ಮೂರು ಪದರ ಅಂತ ಇವತ್ತು ಎಂಬಿಬಿಎಸ್ ಹುಡುಗರು ಬಾಯಿಪಾಠ ಮಾಡ್ತಾರ. ನಮ್ಮ ಹಿರಿಯರು ಅದನ್ನ ಕೈಯಿಂದ ಬಲ್ಲವರು. ಸುಣ್ಣದ ನೀರಿನಾಗ ನೆನಸಿ ಕೂದಲಿನ ಜೋಡಿ ಮ್ಯಾಲಿನ ತೆಳು ಪದರ ತೆಗೆದರು. ಒಳಮೈಯಿಂದ ಮಾಂಸ ಕೊಬ್ಬು ಹೆರೆದು ಕೆಳಗಿನ ಪದರ ತೆಗೆದರು. ನಡುವಿನ ಪದರ ಒಂದನ್ನ ಉಳಿಸಿಕೊಂಡು ತಂಗಡಿ ಗಿಡದ ತೊಗಟೆ ನೀರಿನಾಗ ಹದಕ್ಕೆ ಹಾಕಿದರು. ಯಾಕ ಆ ಪದರನ ಬೇಕು? ಅದರೊಳಗಿನ ಗಟ್ಟಿ ನಾರುಗಳು ಚಾಪಿ ಹೆಣೆದಂಗ ಅಡ್ಡತಿಡ್ಡ ಹೆಣಕೊಂಡಿರ್ತಾವು. ಎಳೆದ್ರ ಹರಿಯಂಗಿಲ್ಲ. ಬೆನ್ನಿನ ಚರ್ಮ ಬಿಗಿ, ಹೊಟ್ಟಿಯ ಚರ್ಮ ಸಡ್ಲ. ಅದಕ್ಕ ಕೆರವಿನ ಅಟ್ಟೆಗೆ ಒಂದು ಜಾಗದ್ದು, ಬಾರಿಗೆ ಇನ್ನೊಂದು ಜಾಗದ್ದು. ಕಟ್ಟೋಣ ನೋಡಿ ಕೆಲಸ ಹಚ್ಚೋದು ಅಂದ್ರ ಇದ.

12ನೇ ಶತಮಾನದ ಕಲ್ಯಾಣದಾಗ ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದರು ಅಂತ ನಮ್ಮ ಕಡೆ ಮನಿಮನಿಯಾಗ ಹೇಳೋ ಕಥಿ. ಭಕ್ತಿಯ ಕಥೆ ಅಂತ ಕೇಳಿ ಕೈ ಮುಗೀತಾರ. ಮನುಷ್ಯನ ಚರ್ಮವೂ ದನದ ಚರ್ಮವೂ ಹದಕ್ಕೆ ಒಂದೇ ಅಂತ ಬಲ್ಲ ಕಸುಬುದಾರರ ಕಥೆಯೂ ಹೌದು ಅದು. ತೊಡೆಗೂ ಪಾದಕ್ಕೂ ಇಟ್ಟಿದ್ದ ಮೇಲು ಕೀಳನ್ನ ಅಳಿಸಿದ ಕಥೆಯೂ ಹೌದು.

ಆದರ ಒಂದು ಎಚ್ಚರ ಇರಲಿ. "ನಿಮ್ಮ ಪರಂಪರಾಗತ ಜ್ಞಾನ ಎಷ್ಟು ದೊಡ್ಡದು" ಅಂತ ಹೊಗಳಿ ನಮ್ಮನ್ನ ಮತ್ತೆ ಸತ್ತ ದನದ ಹತ್ತಿರ ಕೂಡ್ರಿಸೋ ಜಾಣರು ಅದಾರ. ಸತ್ತ ದನ ಹೊರೋದು, ಅದರ ಮಾಂಸ ತಿನ್ನೋದು ಬಿಡ್ರಿ ಅಂತ ಬಾಬಾಸಾಹೇಬರು 1927ರ ಮಾರ್ಚಿನ ಮಹಾಡ ಪರಿಷತ್ತಿನಲ್ಲೇ ಕರೆ ಕೊಟ್ಟರು. ಅದು ಜ್ಞಾನದ ಅವಮಾನ ಅಲ್ಲ. ಆರಿಸಿಕೊಳ್ಳದೆ ಹೆಗಲಿಗೆ ಬಿದ್ದ ಕೆಲಸ ಕಸುಬು ಅಲ್ಲ, ಶಿಕ್ಷೆ. ಮರುವರ್ಷ, 1928ರಲ್ಲಿ, ಅವರು ದಲಿತ ವಿದ್ಯಾರ್ಥಿಗಳ ವಸತಿ ನಿಲಯಗಳ ಕೆಲಸಕ್ಕೆ ಕೈ ಹಾಕಿದಾಗ ಆ ಊರುಗಳಲ್ಲಿ ನಮ್ಮ ಧಾರವಾಡವೂ ಇತ್ತು. ಕೈಗೆ ಓದು ಕೂಡಿಸೋದು ಅವರ ದಾರಿ.

*

ಯುರೋಪಿನಾಗೂ ಇದ ರೋಗ ಇತ್ತು ಅಂದ್ರ ನಂಬ್ತೀರಾ? ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಪ್ರೊಫೆಸರ್ ಎತ್ತರದ ಕುರ್ಚಿಯ ಮೇಲೆ ಕೂತು ಸಾವಿರ ವರ್ಷ ಹಿಂದಿನ ಗೇಲನ್ನನ ಗ್ರಂಥ ಓದುತ್ತಿದ್ದ. ಕೆಳಗೆ ಶವ ಕೊಯ್ಯುತ್ತಿದ್ದವನು ಕ್ಷೌರಿಕ. ಓದೋನು ಕೊಯ್ಯಂಗಿಲ್ಲ, ಕೊಯ್ಯೋನಿಗೆ ಆ ಲ್ಯಾಟಿನ್ ಓದು ತಿಳಿಯಂಗಿಲ್ಲ. ಗ್ರಂಥದಾಗ ಇರೋದು ಒಂದು, ಮೇಜಿನ ಮೇಲೆ ಕಾಣೋದು ಇನ್ನೊಂದು. ಆದರೂ ಗ್ರಂಥವೇ ಸರಿ.

ಇದನ್ನ ಮುರಿದವನು ಆಂಡ್ರಿಯಾಸ್ ವೆಸಾಲಿಯಸ್. ಕುರ್ಚಿಯಿಂದ ಕೆಳಗಿಳಿದು ತಾನೇ ಚೂರಿ ಹಿಡಿದ. ಮನುಷ್ಯನ ಕೆಳದವಡೆ ಎರಡು ಎಲುಬಿನದು ಅಂತ ಗೇಲನ್ ಬರೆದಿದ್ದ, ಯಾಕಂದ್ರ ಅವನು ಕೊಯ್ದದ್ದು ಪ್ರಾಣಿಗಳನ್ನ. ವೆಸಾಲಿಯಸ್ ನೋಡಿದ, ಒಂದೇ ಎಲುಬು. 1543ರಲ್ಲಿ ಅವನ ದೊಡ್ಡ ಚಿತ್ರಗ್ರಂಥ ಬಂತು, ಆಧುನಿಕ ಶರೀರಶಾಸ್ತ್ರ ಅಲ್ಲಿಂದ ಶುರು. ಓದೋ ತಲೆ, ಕೊಯ್ಯೋ ಕೈ ಒಬ್ಬನೇ ಮನುಷ್ಯನಲ್ಲಿ ಕೂಡಿದ್ದು ಇದಕ್ಕೆ ಕಾರಣ.

ನಮ್ಮಲ್ಲಿ ಆ ದಿನ ಬಂದದ್ದು 1836ರಲ್ಲಿ. ಕಲಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಪಂಡಿತ ಮಧುಸೂದನ ಗುಪ್ತ ಶವ ಕೊಯ್ದರು. ಆ ಸಂಭ್ರಮಕ್ಕೆ ಫೋರ್ಟ್ ವಿಲಿಯಂನಲ್ಲಿ ತೋಪು ಹಾರಿಸಿದರು ಅಂತಲೂ ಹೇಳ್ತಾರ. ಅವರ ಧೈರ್ಯ ದೊಡ್ಡದು, ಜಾತಿಯವರ ಸಿಟ್ಟನ್ನ ಎದುರು ಹಾಕಿಕೊಂಡು ಮಾಡಿದರು. ಆದರ ಒಂದು ಪ್ರಶ್ನೆ: ಮೇಲ್ಜಾತಿಯವರೊಬ್ಬರು ಒಂದು ಸಲ ಶವ ಮುಟ್ಟಿದರೆ ತೋಪಿನ ಕಥೆ ಹುಟ್ಟುತ್ತದೆ. ತಲೆಮಾರುಗಟ್ಟಲೆ ಶವ ಹೊತ್ತವರಿಗೆ?

ಇಂಗ್ಲಿಷರು ಮೈಯನ್ನ ಕೊಯ್ದು ನೋಡಿದ್ದಲ್ಲದೆ ಮೂಗನ್ನ ಅಳತೆ ಮಾಡಿದರು. 1901ರ ಜನಗಣತಿಯ ಮುಖ್ಯಸ್ಥ ಹರ್ಬರ್ಟ್ ರಿಸ್ಲೆ, ಮೂಗು ಅಗಲ ಆದಷ್ಟೂ ಜಾತಿ ಕೆಳಗೆ ಅಂತ ಸಿದ್ಧಾಂತ ಕಟ್ಟಿದ. ಬಾಬಾಸಾಹೇಬರು 1948ರ 'ಅಸ್ಪೃಶ್ಯರು' ಪುಸ್ತಕದಲ್ಲಿ ಮೂಗಿನ ಅಳತೆಯ ಅಂಕಿಗಳನ್ನೇ ಎದುರಿಗಿಟ್ಟು, ಈ ಶಾಸ್ತ್ರ ಖರೇ ಆದರೆ ಬ್ರಾಹ್ಮಣರೂ ಅಸ್ಪೃಶ್ಯರೂ ಒಂದೇ ಜನಾಂಗ ಆಗ್ತಾರೆ ಅಂತ ಅವರ ಅಳತೆಪಟ್ಟಿಯಿಂದಲೇ ಅವರಿಗೆ ಉತ್ತರ ಕೊಟ್ಟರು. ಮೂಗು ಇರೋದು ಒಳಗೆ ಹೋಗೋ ಗಾಳಿಯನ್ನ ಬೆಚ್ಚಗೆ ಮಾಡಾಕ, ತೇವ ಮಾಡಾಕ, ಧೂಳು ಸೋಸಾಕ. ಹೊಳ್ಳೆಯ ಅಗಲಕ್ಕೂ ಹವಾಮಾನಕ್ಕೂ ಸಂಬಂಧ ಇದೆ ಅಂತ ಈಗಿನ ವಿಜ್ಞಾನ ಹೇಳುತ್ತದೆ. ಜಾತಿ ಸೋಸೋದು ಮೂಗಿನ ಕೆಲಸ ಅಲ್ಲ.

*

ಈಗ ನಮ್ಮ ಊರಿಗೆ ಬರೋಣ.

ಹುಬ್ಬಳ್ಳಿಯ ಕರ್ನಾಟಕ ಮೆಡಿಕಲ್ ಕಾಲೇಜು, ನಾವೆಲ್ಲ ಕಿಮ್ಸ್ ಅಂತ ಕರೆಯೋದು, ಶುರು ಆದದ್ದು 1957ರಲ್ಲಿ. ಅದೇ 1957ರಲ್ಲಿ ಬಂದದ್ದು ನಮ್ಮ ರಾಜ್ಯದ ಅಂಗರಚನಾ ಕಾಯ್ದೆ. ವಾರಸುದಾರರು ಬರದ ಶವವನ್ನ ಮೆಡಿಕಲ್ ಕಾಲೇಜಿಗೆ ಕಲಿಕೆಗಾಗಿ ಕೊಡೋಕೆ ದಾರಿ ಮಾಡಿದ ಕಾನೂನು. ಇದರ ಅಜ್ಜ ಇಂಗ್ಲೆಂಡಿನ 1832ರ ಕಾಯ್ದೆ. ಅಲ್ಲಿ ಮೊದಲು ಕೊಲೆಗಡುಕರ ಶವ ಕೊಯ್ಯುತ್ತಿದ್ದರು. ಸಾಲದಾಯಿತು. 1828ರಲ್ಲಿ ಎಡಿನ್‌ಬರೋದಲ್ಲಿ ಬರ್ಕ್, ಹೇರ್ ಅನ್ನೋ ಇಬ್ಬರು 16 ಮಂದಿಯನ್ನ ಕೊಂದು ಶವ ಮಾರಿದ್ದು ಬಯಲಾದ ಮೇಲೆ ಕಾಯ್ದೆ ಬಂತು. ಬಡವರ ಆಶ್ರಯಮನೆಯಲ್ಲಿ ಸತ್ತು ಯಾರೂ ಕೇಳದ ಶವ ಕಾಲೇಜಿಗೆ. ಕೊಲೆಗಡುಕನಿಗೆ ಇದ್ದ ಶಿಕ್ಷೆ ಬಡವನ ಪಾಲಿಗೆ ಬಂತು.

ವಾರಸುದಾರರಿಲ್ಲದ ಶವ ಅಂದ್ರ ಯಾರು? ಊರು ಬಿಟ್ಟು ದುಡಿಯಾಕ ಬಂದವರು. ಬಸ್‌ಸ್ಟ್ಯಾಂಡಿನಾಗ, ರೈಲ್ವೆ ಸ್ಟೇಶನ್ನಿನಾಗ ಮಲಗಿ ಏಳದವರು. ಆಸ್ತಿ ಇದ್ದವನ ಶವಕ್ಕೆ ವಾರಸುದಾರರು ಕಡಿಮಿ ಬೀಳಂಗಿಲ್ಲ. ಮನುಸ್ಮೃತಿಯ 10ನೇ ಅಧ್ಯಾಯದ 55ನೇ ಶ್ಲೋಕ ಬಂಧುಗಳಿಲ್ಲದ ಶವ ಹೊರೋ ಕೆಲಸವನ್ನ ಚಂಡಾಲರಿಗೆ ಹಚ್ಚಿತ್ತು. ಇವತ್ತು ಸಂವಿಧಾನ ಬಂದೈತಿ, ಕಾಯ್ದೆ ಬಂದೈತಿ. ಶವಾಗಾರದ ಬಾಗಿಲಿಗೆ ಹೋಗಿ ನೋಡ್ರಿ, ಸ್ಟ್ರೆಚರ್ ಹಿಡಿದ ಕೈ ಬಹಳ ಕಡೆ ಯಾರದು?

ನಮ್ಮ ಕಾಕಾ ಒಂದು ಸರ್ಕಾರಿ ಆಸ್ಪತ್ರಿಯ ಶವಾಗಾರದಾಗ ದಿನಗೂಲಿ ಮ್ಯಾಲ ದುಡಿದವರು. ಊರ ಹೆಸರು ಬ್ಯಾಡ. ಶಾಲಿ ಮೆಟ್ಟಿಲು ಹತ್ತಿದವರಲ್ಲ. ಎದಿ ತೆಗಿಯೋದು, ತಲಿಬುರುಡೆ ಬಿಚ್ಚೋದು, ಹೊಲಿಯೋದು ಅವರ ಕೈ. ಡಾಕ್ಟರ್ ನಾಲ್ಕು ಹೆಜ್ಜೆ ದೂರ ನಿಂತು ಬರಕೊಳ್ಳತಿದ್ರಂತ. "ಲಿವರ್ ನೋಡಿ ಹೇಳ್ತಿದ್ದೆ, ಇವ ಕುಡುಕ ಅಂತ. ಅವರು ಬರೀತಿದ್ರು" ಅಂತ ಕಾಕಾ ನಗತಿದ್ರು. ವರದಿ ಕೆಳಗ ಅವರ ಹೆಸರು ಒಮ್ಮೆನೂ ಬರಲಿಲ್ಲ. ಸರಿಯಾದ ಕೈಗವಸೂ ಇರಲಿಲ್ಲ. ಮನಿಗೆ ಬಂದು ಮೈ ತೊಳಕೊಂಡ್ರೂ ಊಟಕ್ಕ ಕುಂತಾಗ ಕೈ ಮೂಸಿ ನೋಡಿಕೊಳ್ಳತಿದ್ರು. ಖಾಯಂ ಆಗಲಿಲ್ಲ, ಪೆನ್ಶನ್ ಇಲ್ಲ.

ಇದು ವೆಸಾಲಿಯಸ್ಸನಿಗಿಂತ ಹಿಂದಿನ ಪಾಠಶಾಲೆ. ಓದೋನು ಮ್ಯಾಲ, ಕೊಯ್ಯೋನು ಕೆಳಗ. ವೈದ್ಯಕೀಯ ಕಾಲೇಜಿನ ಒಳಗೆ ಹೋದ ನಮ್ಮ ಮಕ್ಕಳಿಗಾದರೂ ಜಾತಿ ತಪ್ಪಿತಾ? ದಿಲ್ಲಿಯ ಏಮ್ಸ್‌ನಲ್ಲಿ ದಲಿತ, ಆದಿವಾಸಿ ವಿದ್ಯಾರ್ಥಿಗಳ ಮೇಲಿನ ತಾರತಮ್ಯವನ್ನ ಸುಖದೇವ ಥೋರಾತ್ ಸಮಿತಿ 2007ರಲ್ಲೇ ದಾಖಲೆ ಮಾಡಿತು.

*

ಹಂಗಂತ ನಾನು ಶವ ಕೊಯ್ಯೋದಕ್ಕೆ ವಿರೋಧಿ ಅಲ್ಲ. ಅದಿಲ್ಲದೆ ಡಾಕ್ಟರ್ ತಯಾರಾಗಂಗಿಲ್ಲ, ಡಾಕ್ಟರ್ ಇಲ್ಲದೆ ಮೊದಲು ಸಾಯೋರು ನಾವ. ನನ್ನ ಜಗಳ, ಯಾರ ಮೈ ಕಸಿದುಕೊಳ್ಳತಾರ, ಯಾರ ಮೈ ಗೌರವದಿಂದ ಪಡೀತಾರ ಅನ್ನೋದು.

ಪಕ್ಕದ ಬೆಳಗಾವಿಯಲ್ಲಿ 2010ರ ನವೆಂಬರ್‌ನಲ್ಲಿ ಡಾ. ಮಹಾಂತೇಶ ರಾಮಣ್ಣವರ ಅನ್ನೋ ಶರೀರ ರಚನಾಶಾಸ್ತ್ರದ ಅಧ್ಯಾಪಕರು, ದೇಹದಾನ ಮಾಡಿದ್ದ ತಮ್ಮ ತಂದೆಯ ದೇಹವನ್ನ ತಂದೆಯ ಇಚ್ಛೆಯಂತೆ ತಾವೇ ವಿದ್ಯಾರ್ಥಿಗಳ ಮುಂದೆ ವಿಚ್ಛೇದನ ಮಾಡಿದರು. ತಂದೆ ಬೈಲಹೊಂಗಲದ ವೈದ್ಯರು, 2008ರಲ್ಲಿ ತೀರಿಕೊಂಡಿದ್ದರು. ಮೈಲಿಗೆ ಅನ್ನೋ ಮಾತಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಾ? 2019ರಿಂದ ಎಂಬಿಬಿಎಸ್ ಮೊದಲ ವರ್ಷದಲ್ಲಿ ಶವವೇ ನಮ್ಮ ಮೊದಲ ಗುರು ಅನ್ನೋ ಪಾಠವೂ ಸೇರಿದೆ. ಚಲೋ ಆತು. ಆದರ ಆ ಗುರುವನ್ನ ಹೊತ್ತು ತಂದವರಿಗೂ ಆ ಪಾಠದಾಗ ಒಂದು ಸಾಲು ಇರಲಿ.

ನಮ್ಮ ಬೇಡಿಕೆ ನಾಲ್ಕು:

1. ಶವಾಗಾರದ ಕೆಲಸಗಾರರನ್ನ ಖಾಯಂ ಮಾಡಬೇಕು. ಕೈಗವಸು, ಮಾಸ್ಕ್, ಹೆಪಟೈಟಿಸ್ ಬಿ ಲಸಿಕೆ, ಅಪಾಯ ಭತ್ಯೆ ಕೊಡಬೇಕು. ತರಬೇತಿ ಕೊಟ್ಟು ತಂತ್ರಜ್ಞರ ದರ್ಜೆ ಕೊಡಬೇಕು. ಈ ಕೆಲಸ ಒಂದೇ ಜಾತಿಯ ಪಾಲಾಗಬಾರದು.

2. ಮರಣೋತ್ತರ ಪರೀಕ್ಷೆಯಲ್ಲಿ ಸಹಾಯ ಮಾಡಿದವರ ಹೆಸರು ದಾಖಲೆಯಲ್ಲಿ ಬರಬೇಕು.

3. ವಾರಸುದಾರರಿಲ್ಲದ ಶವ ಅಂತ ಬರೆಯೋ ಮುಂಚೆ ಹುಡುಕೋ ಕೆಲಸ ಖರೇ ಆಗಬೇಕು. ಕಲಿಕೆ ಮುಗಿದ ಮೇಲೆ ಮರ್ಯಾದೆಯ ಅಂತ್ಯಸಂಸ್ಕಾರ ಆಗಬೇಕು.

4. ದೇಹದಾನದ ಪ್ರಚಾರ ಕೇರಿಗಿಂತ ಮೊದಲು ದೊಡ್ಡ ದೊಡ್ಡ ಬಡಾವಣೆಯಾಗ, ಮಠ ಮಂದಿರದ ಮುಂದ ಆಗಬೇಕು. ನಮ್ಮ ಮಂದಿ ಇಷ್ಟು ವರ್ಷ ಕೇಳದೆ ಕೊಟ್ಟಾರ.

ಕೇಳಿ ಕೊಟ್ಟರ ಕೊಡಾಕ ನಾವೂ ತಯಾರು. ನಾನು ಮತ್ತು ನಮ್ಮ ಮನಿಯಾಕಿ ಇದನ್ನ ಮಾತಾಡೀವಿ, ದೇಹದಾನದ ಅರ್ಜಿ ತಂದು ಇಟ್ಟೀವಿ. ವಾರಸುದಾರರಿಲ್ಲ ಅಂತ ಒಯ್ಯೋದು ಬ್ಯಾರೆ, ಹೆಸರು ಬರೆದು ಸಹಿ ಹಾಕಿ ಕೊಡೋದು ಬ್ಯಾರೆ.

ಈ ವರ್ಷ ಮೆಡಿಕಲ್ ಸೇರಿದ ನಮ್ಮ ಮಕ್ಕಳಿಗೆ ಒಂದು ಮಾತು. ಮೇಜಿನ ಮುಂದ ನಿಂತಾಗ ಹಿಂದ ಸರೀಬ್ಯಾಡ್ರಿ, ಚೂರಿ ನೀವ ಹಿಡೀರಿ, ಪುಸ್ತಕನೂ ನೀವ ಓದ್ರಿ. ಚರ್ಮ ಸರಿಸಿದ ಮ್ಯಾಲ ಬಾಯಿಂದ ಹುಟ್ಟಿದವ ಯಾರು, ಪಾದದಿಂದ ಹುಟ್ಟಿದವ ಯಾರು, ಹೊರಗ ಉಳಿದವ ಯಾರು ಅಂತ ಹುಡುಕಿ ನೋಡ್ರಿ. ಸಿಕ್ಕರ ನನಗೂ ತಿಳಿಸ್ರಿ.

ಜೈ ಭೀಮ್. ಓದಿ ಸರಿ ಅನಿಸಿದ್ರ ನಿಮ್ಮ ಗ್ರೂಪಿಗೆ ಹಂಚ್ರಿ.

#ಜೈಭೀಮ್ #ಶವಾಗಾರದ_ಕೆಲಸಗಾರರಿಗೆ_ನ್ಯಾಯ